ಮುಚ್ಚಿಟ್ಟ ಹುದ್ದೆ

ಮೋಟೆಬೆನ್ನೂರಿನ ಮಾಂತೇಶನಿಗೆ ಜೂನ್ ತಿಂಗಳೆಂದರೆ ಆಗಿಬರುವುದಿಲ್ಲ. ಮಳೆ ಬಂದರೂ ಸಿಡುಕು, ಬರದಿದ್ದರೂ ಸಿಡುಕು. ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಅದೂ ಸರಕಾರದ್ದೇ ತಪ್ಪು. ಹೆಂಡತಿ ಅರುಣಾ ಆ ತಿಂಗಳು ಅವನ ಕೂಡ ಜಾಸ್ತಿ ಮಾತಿಗೆ ಹೋಗುವುದಿಲ್ಲ. ಪಡಸಾಲೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕುಳಿತು ಊರವರ ಜಂಪರು ಹೊಲಿಯುತ್ತ, ಶಾಲೆ ಕಾಲೇಜು ಶುರುವಾಗಲಿ, ಈ ಮನುಷ್ಯ ತಾನೇ ಸರಿಹೋಗುತ್ತಾನೆ ಎಂದು ಸುಮ್ಮನಿದ್ದುಬಿಡುತ್ತಾಳೆ.

ಮಾಂತೇಶ ಅತಿಥಿ ಉಪನ್ಯಾಸಕ. ಸರಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಾನೆ. ಈ ಅತಿಥಿ ಎಂಬ ಹೆಸರನ್ನು ಯಾವ ಪುಣ್ಯಾತ್ಮ ಹುಡುಕಿದನೋ ಏನೋ. ನಮ್ಮ ಕಡೆ ಅತಿಥಿ ಬಂದರೆ ಕೈಕಾಲಿಗೆ ನೀರು ಕೊಡುತ್ತಾರೆ, ಊಟಕ್ಕೆ ಏಳಿಸುತ್ತಾರೆ, ಹೊರಟರೆ ಇನ್ನೊಂದು ದಿನ ಇರಿ ಎನ್ನುತ್ತಾರೆ. ಈ ಅತಿಥಿಗೆ ಮಾತ್ರ ಪರೀಕ್ಷೆ ಮುಗಿಯುವುದೇ ತಡ, ಬಾಗಿಲು ತೋರಿಸುತ್ತಾರೆ. ಮುಂದಿನ ವರ್ಷ ಬಾ ಎಂದು ಯಾರೂ ಹೇಳುವುದಿಲ್ಲ, ಬರಬೇಡ ಎಂದೂ ಹೇಳುವುದಿಲ್ಲ. ನಡುವಿನ ತಿಂಗಳುಗಳಲ್ಲಿ ಮಾಂತೇಶ ಬ್ಯಾಡಗಿಯಲ್ಲಿ ಕೊಟ್ರಪ್ಪಮಾವನ ದಲಾಲಿ ಅಂಗಡಿಯಲ್ಲಿ ಕುಳಿತು ಮೆಣಸಿನಕಾಯಿ ಚೀಲಗಳ ಲೆಕ್ಕ ಬರೆಯುತ್ತಿದ್ದ. ಅಲ್ಲಿಯೂ ಹಮಾಲರು ಅವನನ್ನು ಸರ ಎಂದೇ ಕರೆಯುತ್ತಿದ್ದರು. ಆ ಮರ್ಯಾದೆ ಅವನಿಗೆ ಹಿತವಾಗಿಯೂ ಇತ್ತು, ಒಳಗೊಳಗೆ ಚುಚ್ಚುತ್ತಲೂ ಇತ್ತು.

ಅವನು ಪಾಠ ಮಾಡುತ್ತಿದ್ದ ಕಾಲೇಜಿನ ಹೆಸರು ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಸುತ್ತಲಿನ ಹಳ್ಳಿಯ ಹುಡುಗ ಹುಡುಗಿಯರು ಬಸ್ಸಿಗೆ ಜೋತುಬಿದ್ದು ಬರುವಂಥ ಒಂದು ಕಾಲೇಜು ಅಂದುಕೊಂಡರೆ ಸಾಕು. ಆ ಮಕ್ಕಳನ್ನು ಅವನು ಸೋಮವಾರ, ಗುರುವಾರ, ಅಂದರೆ ಬ್ಯಾಡಗಿಯಲ್ಲಿ ಟೆಂಡರ್ ನಡೆಯುವ ದಿನ, ಮಾರುಕಟ್ಟೆಗೇ ಕರೆದುಕೊಂಡು ಹೋಗುತ್ತಿದ್ದ. ಮೂಗಿಗೆ ಕರ್ಚೀಪು ಕಟ್ಟಿಕೊಂಡು, ಘಾಟಿಗೆ ಸೀನುತ್ತ, ಕೆಂಪು ರಾಶಿಗಳ ನಡುವೆ ನಿಂತು ಬೇಡಿಕೆ ಅಂದರೇನು, ಪೂರೈಕೆ ಅಂದರೇನು ಎಂದು ಹೇಳಿಕೊಡುತ್ತಿದ್ದ. ಅವರಲ್ಲಿ ಹಲವರ ಅವ್ವಂದಿರು ಅಲ್ಲೇ ನೆರಳಿನಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ತಾವು ದಿನಾ ಕಾಣುವುದೇ ಪುಸ್ತಕದಲ್ಲಿಯೂ ಇದೆ ಎಂದು ಗೊತ್ತಾದ ದಿನ ಆ ಮಕ್ಕಳ ಮುಖ ನೋಡಬೇಕಿತ್ತು.

ಒಮ್ಮೆ ಕದರಮಂಡಲಗಿಯ ಶ್ವೇತಾ ಎಂಬ ಹುಡುಗಿ ರಾಶಿಯ ನಡುವೆ ನಿಂತು ಅವನಿಗೇ ತಿರುಗಿಸಿ ಕೇಳಿದಳು. ನಮ್ಮ ಕಾಯಿ ಬಣ್ಣಕ್ಕೆ ಹೋಗುತ್ತದೆ, ಆಂಧ್ರದ ಕಾಯಿ ಖಾರಕ್ಕೆ ಹೋಗುತ್ತದೆ, ಎರಡರ ಕೆಲಸವೂ ಬೇರೆ ಅಂದಮೇಲೆ ಅವರ ಮಾಲು ಬಂದ ದಿನ ನಮ್ಮ ದರ ಯಾಕೆ ಬೀಳಬೇಕು ಎಂದಳು. ಮಾಂತೇಶನ ಹತ್ತಿರ ತಯಾರು ಉತ್ತರ ಇರಲಿಲ್ಲ. ಮನೆಗೆ ಬಂದವನು ಬೂಟು ಬಿಚ್ಚುವ ಮೊದಲೇ ಅರುಣಾಳಿಗೆ ಈ ಸುದ್ದಿ ಹೇಳಿದ. ಉತ್ತರ ಬರಲಿಲ್ಲ ಅಂತ ಇಷ್ಟು ಖುಷಿ ಪಡುವ ಮಾಸ್ತರನನ್ನು ಎಲ್ಲೂ ಕಾಣೆ ಎಂದು ಅವಳು ನಕ್ಕಳು. ಆ ಹುಡುಗಿ ಧಾರವಾಡಕ್ಕೆ ಹೋಗಿ ಎಂ.ಎ. ಮುಗಿಸಿದಳು, ಬಂದು ಹೋಗಿ ಇವನ ಹತ್ತಿರವೇ ಪರೀಕ್ಷೆಗಳಿಗೆ ಓದಿದಳು, ರಾಣೆಬೆನ್ನೂರಿಗೆ ಮದುವೆಯಾಗಿ ಹೋದಳು.

ಮಾಂತೇಶನ ಸ್ವಂತ ಕಥೆ ಇಷ್ಟು ನೆಟ್ಟಗೆ ಸಾಗಲಿಲ್ಲ. ಸರಕಾರ ಖಾಯಂ ಹುದ್ದೆಗೆ ಅರ್ಜಿ ಕರೆದ ವರ್ಷ ಅವನು ಅರ್ಹತಾ ಪರೀಕ್ಷೆ ಪಾಸಾಗಿರಲಿಲ್ಲ. ಪಾಸಾದ ಮೇಲೆ ವರ್ಷಗಟ್ಟಲೆ ಅರ್ಜಿಯನ್ನೇ ಕರೆಯಲಿಲ್ಲ. ಆಮೇಲೆ ಪಿಎಚ್.ಡಿ. ಕೂಡ ಮುಗಿಸಿ ಡಾಕ್ಟರ್ ಎಂದು ಹೆಸರಿನ ಮುಂದೆ ಹಚ್ಚಿಕೊಂಡು ಕುಳಿತಾಗ ಅರ್ಜಿ ಕರೆದರು. ಅಷ್ಟರಲ್ಲಿ ವಯಸ್ಸು ದಾಟಿ ಹೋಗಿತ್ತು. ಆ ದಿನ ಅವನು ಊಟ ಮಾಡಲಿಲ್ಲ. ಮರುದಿನ ಮುಂಜಾನೆ ಎದ್ದು ಎಂದಿನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ.

ಆದರೂ ಅವನಿಗೆ ಒಂದು ಹೆಮ್ಮೆ ಇತ್ತು. ಉಳಿದ ಅತಿಥಿಗಳನ್ನು ನೋಡಿ. ರಾಣೆಬೆನ್ನೂರಿನ ಸುನೀಲಕುಮಾರ, ಅವನ ಗೆಳೆಯ, ಅವನ ಹಾಗೆಯೇ ಅರ್ಥಶಾಸ್ತ್ರದವನು. ಒಂದು ವರ್ಷ ಹಾನಗಲ್, ಇನ್ನೊಂದು ವರ್ಷ ಹಿರೇಕೆರೂರು, ಮತ್ತೊಂದು ವರ್ಷ ಎಲ್ಲಿಯೂ ಇಲ್ಲ. ಖಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೆಂದರೆ ಅತಿಥಿ ಗಂಟುಮೂಟೆ ಕಟ್ಟಬೇಕು. ಅದೇ ನಿಯಮ. ಮಾಂತೇಶನ ಖುರ್ಚಿಗೆ ಮಾತ್ರ ಇಷ್ಟು ವರ್ಷಗಳಲ್ಲಿ ಯಾರೂ ಬರಲಿಲ್ಲ. ಜೂನ್‌ನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂಡುವುದು, ಆಗಸ್ಟ್‌ನಲ್ಲಿ ಅದೇ ಕಾಲೇಜಿನಿಂದ ಕರೆ ಬರುವುದು, ಹೀಗೇ ನಡೆದುಬಂತು. ಪಾಠ ಚೊಲೋ ಮಾಡಿದರೆ ಯಾರೂ ತೆಗೆಯುವುದಿಲ್ಲ ನೋಡು ಎಂದು ಒಮ್ಮೆ ಅವನು ಸುನೀಲಕುಮಾರನಿಗೆ ಹೇಳಿಯೂ ಹೇಳಿದ್ದ. ಸುನೀಲಕುಮಾರ ಚಹಾದ ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗಿದ್ದ.

ಈ ವರ್ಷ ಮೇ ತಿಂಗಳಲ್ಲಿ ಒಳ್ಳೆಯ ಸುದ್ದಿ ಬಂತು. ಕೋರ್ಟು ಕಚೇರಿ ಅಂತ ಎಷ್ಟೋ ಕಾಲ ನೇತಾಡಿದ್ದ ಖಾಯಂ ಉಪನ್ಯಾಸಕರ ಆಯ್ಕೆ ಕೊನೆಗೂ ಮುಗಿದಿತ್ತು. ಶ್ವೇತಾ ಆಯ್ಕೆಯಾಗಿದ್ದಳು. ಕೂಸು ಎತ್ತಿಕೊಂಡು, ಪೇಢೆ ಹಿಡಿದುಕೊಂಡು ಅವಳು ಪರೀಕ್ಷೆ ಇನ್ನೂ ನಡೆದಿದ್ದ ಕಾಲೇಜಿಗೆ ಬಂದಾಗ ಮಾಂತೇಶನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಳೆಯ ವಿದ್ಯಾರ್ಥಿನಿಗೆ ಒಂದು ಸನ್ಮಾನ ಆಗಲೇಬೇಕೆಂದು ಹಟ ಹಿಡಿದ. ಪ್ರಾಂಶುಪಾಲ ಮೈಲಾರೆಪ್ಪನವರೂ ಆ ಜೂನ್ ಕೊನೆಗೆ ನಿವೃತ್ತಿಯಾಗುವವರಿದ್ದರು. ಎರಡೂ ಕೂಡಿ ಒಂದೇ ಸಮಾರಂಭ ಮಾಡಿದರಾಯಿತು ಎಂದು ಜೂನ್ ನಡುವೆ ಒಂದು ದಿನ ಗೊತ್ತುಮಾಡಿದರು.

ಮೈಲಾರೆಪ್ಪನವರು ದೇವರಗುಡ್ಡದ ಕಡೆಯವರು, ಬ್ಯಾಡಗಿಯಲ್ಲಿ ಮನೆ ಮಾಡಿದ್ದರು. ಬಾಯಿ ಒರಟು, ಮನಸ್ಸು ಬೆಣ್ಣೆ. ಮೊದಲು ಅದೇ ಕಾಲೇಜಿನಲ್ಲಿ ಪಾಠದ ತಾಸುಗಳ ಲೆಕ್ಕ ಬರೆಯುವ ಹಿರಿಯ ಅಧ್ಯಾಪಕರಾಗಿ, ಆಮೇಲೆ ಪ್ರಭಾರ ಪ್ರಾಂಶುಪಾಲರಾಗಿ ಅಲ್ಲೇ ಬೇರು ಬಿಟ್ಟಿದ್ದರು. ಮಾಂತೇಶನನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಅಂತಃಕರಣ. ಹಾರ, ಶಾಲು, ಭಾಷಣ ಎಲ್ಲ ಮುಗಿದು ಜನ ಉಪ್ಪಿಟ್ಟಿನ ಕಡೆ ಹೋದಾಗ ಅವರು ಮಾಂತೇಶನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡರು.

“ನಾ ಇರೋತನಕ ನಿನ್ನ ಕಾಯ್ಕೊಂಡು ಬಂದೆ, ಮಾಂತೇಶ. ನನ್ನ ಹಿಂದ ಬರೋರು ಕಾಯ್ತಾರೋ ಇಲ್ಲೋ ನಾ ಹೇಳಾಕ ಬರಂಗಿಲ್ಲ. ನೀ ಹುಷಾರಾಗಿರು,” ಎಂದರು.

ಹೋಗುವ ಹಿರಿಯರು ಹೀಗೆಲ್ಲ ಹೇಳುವುದುಂಟು ಎಂದು ಮಾಂತೇಶ ಕೈ ಮುಗಿದ. ಅವರಿಗೆ ಸಮಾಧಾನವಾಗಲಿಲ್ಲ. ಇವನಿಗೆ ತಿಳಿದಿಲ್ಲ ಎಂದು ಗೊತ್ತಾಗಿ, ಬಿಡಿಸಿ ಹೇಳಿದರು. ಒಂದು ವಿಷಯಕ್ಕೆ ವಾರದಲ್ಲಿ ಇಷ್ಟು ತಾಸಿನ ಪಾಠ ಇದೆ ಎಂದು ಕಾಲೇಜಿನವರು ಪ್ರತಿವರ್ಷ ಇಲಾಖೆಗೆ ತಿಳಿಸಬೇಕು. ತಾಸುಗಳು ತುಂಬಿದ್ದರೆ ಅದು ಖಾಲಿ ಹುದ್ದೆ, ಖಾಯಂ ಮನುಷ್ಯ ಬರುತ್ತಾನೆ. ತುಂಬದಿದ್ದರೆ ಅದು ಅತಿಥಿಗೆ. ಅರ್ಥಶಾಸ್ತ್ರದ ತಾಸುಗಳು ಆ ಕಾಲೇಜಿನಲ್ಲಿ ಯಾವತ್ತೋ ತುಂಬಿದ್ದವು. ಮೈಲಾರೆಪ್ಪನವರು ಅವುಗಳಲ್ಲಿ ಅರ್ಧದಷ್ಟನ್ನು ವಾಣಿಜ್ಯ ವಿಭಾಗದ ಹೆಸರಿಗೆ ಹಾಕಿ, ಅರ್ಥಶಾಸ್ತ್ರಕ್ಕೆ ಹುದ್ದೆಯೇ ಇಲ್ಲದ ಹಾಗೆ ತೋರಿಸುತ್ತ ಬಂದಿದ್ದರು. ಮಾಂತೇಶ ವಾಣಿಜ್ಯದ ಹುಡುಗರಿಗೂ ಹೆಚ್ಚಿನ ಪಾಠ ಮಾಡುತ್ತಿದ್ದನಲ್ಲ, ಪುಕ್ಕಟೆ, ವಿದ್ಯೆಯ ಮೇಲಿನ ಪ್ರೀತಿಯಿಂದ? ಅವೆಲ್ಲ ಅವನದೇ ವಿಷಯದ ತಾಸುಗಳು.

ಮಾಂತೇಶ ಖುರ್ಚಿಯ ಹಿಡಿಕೆ ಹಿಡಿದುಕೊಂಡ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ.

“ನಿನ್ನ ಹೆಣ್ತಿಗೆ ಮಾತು ಕೊಟ್ಟಿದ್ದೆ,” ಎಂದರು ಮೈಲಾರೆಪ್ಪನವರು. “ನಿನ್ನ ಮಗಳು ಮೇಘಾ ಹೊಟ್ಟ್ಯಾಗಿದ್ಲು. ಯಾರೋ ವರ್ಗ ಆಗಿ ಬರ್ತಾರ ಅಂತ ಸುದ್ದಿ ಎದ್ದಿತ್ತು. ನಮ್ಮ ಮನಿಗೆ ಬಂದು ಅತ್ತಳಪಾ ಆ ಹುಡುಗಿ. ನೋಡಾಕ ಆಗಲಿಲ್ಲ ನನಗ.”

ಅವರಿಗೆ ಒಂದು ದೊಡ್ಡ ಉಪಕಾರವನ್ನು ಹೇಳಿಕೊಂಡ ತೃಪ್ತಿ. ಮಾಂತೇಶ ಹೊರಗೆ ಬಂದರೆ ಮಕ್ಕಳು ಫೋಟೋಕ್ಕೆ ಕರೆದರು. ಹೋಗಿ ನಿಂತ. ಆ ಫೋಟೋದಲ್ಲಿ ನಕ್ಕಿದ್ದಾನೆ ಕೂಡ.

ಮನೆಗೆ ಹೋದವನು ಅರುಣಾಳನ್ನು ಏನೂ ಕೇಳಲಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಕರೆ ಬಂದಾಗ ಅವನು ಕದರಮಂಡಲಗಿಗೆ ಹೋಗಿ ಆಂಜನೇಯನಿಗೆ ಕಾಯಿ ಒಡೆಸಿಕೊಂಡು ಬರುತ್ತಿದ್ದ. ಬಂದು, ದೇವರು ದೊಡ್ಡವನು, ಆದರೆ ಕೆಲಸವೂ ಬೇಕು, ಪಾಠ ಕೇಳಿದ ಮಕ್ಕಳೇ ನನ್ನನ್ನು ಉಳಿಸಿದ್ದು ಎಂದು ಅರುಣಾಳಿಗೆ ಹೇಳುತ್ತಿದ್ದ. ಅವಳು ಹೌದೆನ್ನುತ್ತಿದ್ದಳು. ವರ್ಷವರ್ಷವೂ ಎದುರು ಕುಳಿತು ಹೌದೆಂದಿದ್ದಳು. ಸುನೀಲಕುಮಾರನಿಗೆ ತಾನಾಡಿದ ಮಾತು ನೆನಪಾಗಿ ಅವನಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ತಾನೊಬ್ಬ ಗಟ್ಟಿ ಕುಳ ಎಂದುಕೊಂಡಿದ್ದನಲ್ಲ, ಯಾರದೋ ಕರುಣೆಯ ಮೇಲೆ ನಿಂತಿದ್ದು ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಆಯಿತು. ಅರುಣಾ ಮಾತ್ರ ಇದು ಜೂನ್ ತಿಂಗಳ ಸಿಡುಕು ಎಂದು ತಿಳಿದು ರೊಟ್ಟಿ ಬಡಿಸಿ ಸುಮ್ಮನಾದಳು.

ನಾಲ್ಕೈದು ದಿನ ಹೀಗೆ ಕಳೆದ ಮೇಲೆ ಶ್ವೇತಾ ಮನೆಗೆ ಬಂದಳು. ಕೂಸು ಸೆರಗಿನೊಳಗೆ ಹಾಲು ಕುಡಿಯುತ್ತ ನಿದ್ದೆ ಹೋಗಿತ್ತು. ಅವಳ ಮುಖ ಸಪ್ಪಗಿತ್ತು. ಆಯ್ಕೆಯಾದವರು ತಮಗೆ ಬೇಕಾದ ಕಾಲೇಜು ಆರಿಸಿಕೊಳ್ಳಲು ಬೆಂಗಳೂರಿಗೆ ಹೋಗಬೇಕು. ಎಲ್ಲೆಲ್ಲಿ ಹುದ್ದೆ ಖಾಲಿ ಇವೆ ಎಂಬ ತಾತ್ಕಾಲಿಕ ಪಟ್ಟಿ ಬಂದಿತ್ತು. ಹಾವೇರಿ ಜಿಲ್ಲೆಯಲ್ಲಿ ಅರ್ಥಶಾಸ್ತ್ರದ್ದು ಒಂದೂ ಇರಲಿಲ್ಲ. ಅವಳ ಸರದಿ ಬರುವ ಹೊತ್ತಿಗೆ ಒಂದೋ ಬೀದರಿನ ಕಡೆ, ಇಲ್ಲ ಚಾಮರಾಜನಗರದ ಕಡೆ. ಗಂಡನಿಗೆ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ. ಹತ್ತಿರದಲ್ಲೇ ಎಲ್ಲಾದರೂ ಆಗಿದ್ದರೆ ಕದರಮಂಡಲಗಿಯಿಂದ ಅವ್ವ ಮುತ್ತವ್ವ ಬಂದು ಕೂಸು ನೋಡಿಕೊಳ್ಳಲು ಒಪ್ಪಿದ್ದಳು. ಅಷ್ಟು ದೂರಕ್ಕೆ ಯಾರು ಬರುತ್ತಾರೆ? ಮನೆಯವರೆಲ್ಲ ಈ ಕೆಲಸ ಬಿಡು, ಮುಂದೆ ನೋಡೋಣ ಎನ್ನತೊಡಗಿದ್ದರು.

“ಬಿಟ್ಟುಬಿಡ್ಲೇನ್ರಿ ಸರ್?” ಎಂದು ಕೇಳಿದಳು.

ಬಿಡಬೇಡ ಎಂದು ಮಾಂತೇಶ ಹೇಳಿದ. ಈಗ ಬಿಟ್ಟರೆ ಮತ್ತೆ ಯಾವಾಗ ಕರೆಯುತ್ತಾರೋ, ನನ್ನ ಗತಿ ನೋಡು ಎಂದ. ಹತ್ತಿರದಲ್ಲಿ ಒಂದು ಹುದ್ದೆ ಇತ್ತು. ಇಲ್ಲೇ, ಅವಳ ಊರಿನಿಂದ ಒಂದು ಬಸ್ಸಿನ ದಾರಿಯಲ್ಲಿ, ಅವಳೇ ಓದಿದ ಕಾಲೇಜಿನಲ್ಲಿ. ಅದರ ಮೇಲೆ ತಾನು ಕುಳಿತಿದ್ದೇನೆ. ಈ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು, ಹೊರಗೆ ಬರಲಿಲ್ಲ. ಅವಳು ಹೋದ ಮೇಲೆ ಅವನು ಅಂಗಳದಲ್ಲಿ ಬಹಳ ಹೊತ್ತು ಅಡ್ಡಾಡಿದ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೊಸ ಪ್ರಾಂಶುಪಾಲರೂ ಹಳೆಯ ಲೆಕ್ಕವನ್ನೇ ಮುಂದುವರಿಸಿದರೂ ಮುಂದುವರಿಸಿಯಾರು. ಮೇಘಾ ಈ ವರ್ಷ ಪಿಯುಸಿ. ಯಾವ ದಿಕ್ಕಿನಿಂದ ನೋಡಿದರೂ ಸುಮ್ಮನಿರುವುದೇ ಜಾಣತನ ಎಂದು ಕಂಡಿತು. ಆದರೆ ಸುಮ್ಮನಿದ್ದು ನಾಳೆ ತರಗತಿಯಲ್ಲಿ ನಿಲ್ಲುವುದು ಹೇಗೆ ಎಂಬುದೇ ಅವನಿಗೆ ಬಗೆಹರಿಯಲಿಲ್ಲ.

ಮರುದಿನ ಮುಂಜಾನೆ ಬ್ಯಾಡಗಿಗೆ ಹೋಗಿ ಮೈಲಾರೆಪ್ಪನವರ ಮನೆಯ ಬಾಗಿಲು ಬಡಿದ. ತಾತ್ಕಾಲಿಕ ಪಟ್ಟಿಗೆ ತಿದ್ದುಪಡಿ ಕಳಿಸಲು ಇನ್ನೂ ಅವಕಾಶ ಇತ್ತು, ಅವರ ಸಹಿಗೆ ಇನ್ನೂ ಅಧಿಕಾರ ಇತ್ತು. ಇದ್ದ ತಾಸುಗಳನ್ನು ಇದ್ದ ಹಾಗೆ ಬರೆದು ಕಳಿಸಿ ಎಂದು ಕೇಳಿಕೊಂಡ.

ಅವರು ಕಿಡಿಕಿಡಿಯಾದರು. ಹುಚ್ಚು ಹಿಡಿದಿದೆಯೇ ನಿನಗೆ, ಇಷ್ಟು ವರ್ಷ ನಾನು ಒದ್ದಾಡಿದ್ದು ಇದಕ್ಕೇನು, ನಿವೃತ್ತಿಯ ಬಾಗಿಲಲ್ಲಿ ನನ್ನನ್ನು ಸಿಕ್ಕಿಸಬೇಕೆಂದಿದ್ದೀಯಾ ಎಂದು ಬೈದರು. ಈ ವರ್ಷ ಪಠ್ಯಕ್ರಮ ಬದಲಾಗಿ ತಾಸುಗಳು ಹೇಗೂ ಹೆಚ್ಚಾಗಿವೆ, ಯಾರೂ ಹಿಂದಿನದನ್ನು ಕೆದಕುವುದಿಲ್ಲ ಎಂದು ಮಾಂತೇಶ ಸಮಜಾಯಿಸಿ ಹೇಳಿದ. ಅವರು ಒಪ್ಪಲಿಲ್ಲ. ಆಗ ಅವನು ತಲೆ ತಗ್ಗಿಸಿಕೊಂಡೇ ಹೇಳಿದ:

“ನೀವು ನನ್ನ ಉಳಿಸಿದ್ರಿ, ಖರೇ. ನಿಮ್ಮ ಋಣ ಮರಿಯಂಗಿಲ್ಲ. ಆದ್ರ ಆ ಖುರ್ಚಿಗೆ ಬರಬೇಕಾದವ್ರು ಯಾರೋ ಇಷ್ಟು ವರ್ಷ ಬರಲಿಲ್ಲಲ್ರಿ. ಅವರ ಮಾರಿ ನಾ ನೋಡಿಲ್ಲ, ಅದಕ್ಕ ನನಗೇನೂ ಅನಿಸಿಲ್ಲ. ಈಗ ಬರಾಕಿ ನಾ ಕಲಿಸಿದ ಹುಡುಗಿ. ಆಕಿ ಮಾರಿ ನೋಡಿಬಿಟ್ಟೇನ್ರಿ ಸರ್.”

ಚಹಾ ತಂದ ಮೈಲಾರೆಪ್ಪನವರ ಹೆಂಡತಿ ದೇವವ್ವ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ಅವರು ಕಪ್ಪು ಬಸಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನೇರವಾಗಿ ಅವನನ್ನೇ ಕೇಳಿದರು.

“ಅರುಣಾ ಇಲ್ಲೇ ನನ್ನ ಅಡಗಿಮನ್ಯಾಗ ಕುಂತು ಅತ್ತಾಳ. ನೀ ಹಿಂಗ ಹೇಳಾಕ ಬಂದಿದ್ದು ಆಕಿಗೆ ಗೊತ್ತೈತೇನಪಾ?”

ಗೊತ್ತಿರಲಿಲ್ಲ. ಆಕೆ ಹೂಂ ಎನ್ನುವವರೆಗೆ ಇವರು ಸಹಿ ಹಾಕುವುದಿಲ್ಲ ಎಂದು ದೇವವ್ವ ಗಂಡನ ಪರವಾಗಿ ತೀರ್ಪು ಕೊಟ್ಟುಬಿಟ್ಟರು. ಮೈಲಾರೆಪ್ಪನವರು ತಲೆಯಾಡಿಸಿದರು. ಕಾಲೇಜಿನಲ್ಲಿ ಯಾರ ಮಾತಿಗೂ ಬಗ್ಗದ ಮನುಷ್ಯ, ಮನೆಯಲ್ಲಿ ಹೀಗೆ.

ಮಾಂತೇಶ ಮನೆಗೆ ಬಂದು, ಮಷಿನ್ನಿನ ಮುಂದೆ ಕುಳಿತಿದ್ದ ಅರುಣಾಳಿಗೆ ಒಂದೂ ಬಿಡದೆ ಹೇಳಿದ. ಪ್ರಾಂಶುಪಾಲರು ಹೇಳಿದ್ದು, ಶ್ವೇತಾಳ ತೊಂದರೆ, ಈಗ ತಾನು ಕೇಳಿಕೊಂಡು ಬಂದದ್ದು. ಅವಳ ಕಾಲು ಪೆಡಲಿನ ಮೇಲೆ ನಿಂತೇಹೋಯಿತು. ನನಗೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ಹೇಳಿದ್ದರೆ ನೀವು ಅವತ್ತೇ ಬಿಟ್ಟು ಬರುತ್ತಿದ್ದಿರಿ, ಅಷ್ಟು ಸೊಕ್ಕು ನಿಮಗಿತ್ತು ಎಂದಳು ಅವಳು. ಅದು ಸುಳ್ಳಲ್ಲ ಎಂದು ಅವನಿಗೂ ಗೊತ್ತಿತ್ತು.

“ಬಸರಿ ಹೆಂಗಸು, ಬಸ್ಸಿನ್ಯಾಗ ನಿಂತು ಹೋಗಿ, ಇನ್ನೊಬ್ಬರ ಮನ್ಯಾಗ ಕೈ ಮುಗದು ಉಳಿಸ್ಕೊಂಡು ಬಂದಿದ್ದು ಅದು,” ಎಂದಳು. “ಅದನ್ನ ನೀವು ದಾನ ಮಾಡಾಕ ಹೊಂಟೀರಿ. ನನ್ನ ಒಂದು ಮಾತು ಕೇಳಬೇಕು ಅಂತ ದೇವವ್ವನವರಿಗೆ ತಿಳೀತು, ನಿಮಗ ತಿಳೀಲಿಲ್ಲ.”

ಅವನು ತಪ್ಪಾಯಿತು ಎಂದ. ದಿನವಿಡೀ ಮಷಿನ್ನು ಓಡಿತು, ಮಾತು ಮಾತ್ರ ನಿಂತಿತ್ತು. ಮೇಘಾ ಅಪ್ಪನ ಮುಖ, ಅವ್ವನ ಮುಖ ನೋಡಿ ತನ್ನ ಪುಸ್ತಕ ತೆಗೆದುಕೊಂಡು ಗೆಳತಿಯ ಮನೆಗೆ ಹೋದಳು. ಸಂಜೆ ದೀಪ ಹಚ್ಚಿದ ಮೇಲೆ ಅರುಣಾ ಒಂದೇ ಒಂದು ಪ್ರಶ್ನೆ ಕೇಳಿದಳು. ಆ ಹುಡುಗಿಯ ಕೂಸಿಗೆ ಎಷ್ಟು ತಿಂಗಳು ಎಂದು. ಇನ್ನೂ ವರ್ಷ ತುಂಬಿಲ್ಲ ಎಂದ ಮಾಂತೇಶ. ಮರುದಿನ ಮುಂಜಾನೆ ಅವಳೇ ದೇವವ್ವನಿಗೆ ಫೋನು ಮಾಡಿ, ನಮ್ಮವರು ಹೇಳಿದ ಹಾಗೆ ಮಾಡಿ ಎಂದು ಹೇಳಿದಳು. ಹೇಳಿ, ಫೋನು ಇಟ್ಟು, ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯತೊಡಗಿದಳು. ಒಗೆಯುವ ಸಪ್ಪಳ ಪಡಸಾಲೆಯವರೆಗೆ ಕೇಳುತ್ತಿತ್ತು.

ಜುಲೈಯಲ್ಲಿ ಅಂತಿಮ ಪಟ್ಟಿ ಬಂತು. ಅದೇ ದಿನ ಶ್ವೇತಾಳ ಫೋನು ಬಂತು. ಅವಳು ಅಳುತ್ತಿದ್ದಳೋ ಓಡಿ ಬಂದು ದಣಿದಿದ್ದಳೋ, ಮಾತು ತುಂಡುತುಂಡಾಗಿ ಬರುತ್ತಿತ್ತು. ನಮ್ಮ ಕಾಲೇಜಿನ ಹೆಸರು ಇದೆ ಸರ್, ನನ್ನ ಮುಂದಿನವರು ಯಾರೂ ಈ ಕಡೆಯವರಲ್ಲ, ಅದು ನನ್ನ ಸರದಿಯವರೆಗೆ ಉಳಿಯುತ್ತದೆ, ಆದರೆ ನಿಮ್ಮ ಹುದ್ದೆ ಸರ್ ಅದು, ನಾನು ಅದನ್ನು ಮುಟ್ಟುವುದಿಲ್ಲ ಎಂದಳು. ಬೀದರಿಗೇ ಹೋಗುತ್ತೇನೆ, ಇಲ್ಲವೆ ಬಿಡುತ್ತೇನೆ, ನಿಮ್ಮ ಅನ್ನಕ್ಕೆ ಕೈ ಹಾಕುವುದಿಲ್ಲ ಎಂದಳು. ಮಾಂತೇಶ ಅವಳನ್ನು ಪೂರ್ತಿ ಮಾತಾಡಲು ಬಿಟ್ಟ.

“ಇಲ್ಲಿ ಕೇಳವಾ ಶ್ವೇತಾ,” ಎಂದ ಆಮೇಲೆ. “ಅದು ಪಟ್ಟಿಗೆ ಬಂದಾತು. ನೀ ತಗೊಳ್ಳಲಿಲ್ಲಂದ್ರ ನಿನ್ನ ಹಿಂದಿನವ ತಗೋತಾನ. ಹೆಂಗೂ ನನ್ನ ಜಾಗ ಹೋತು. ನೀ ತಗೊಂಡ್ರ ಆ ಹುಡುಗರಿಗೆ ಮಾರ್ಕೆಟ್ಟು ತೋರಸಾಕ ಒಬ್ಬರು ಇರ್ತಾರ.”

ಆ ಕಡೆಯಿಂದ ಹೂಂ ಎಂದಿತು ದನಿ. ಆ ಹುದ್ದೆ ಪಟ್ಟಿಗೆ ಬಂದದ್ದು ಹೇಗೆ ಎಂದು ಅವಳಿಗೆ ಅವನು ಯಾವತ್ತೂ ಹೇಳಲಿಲ್ಲ. ತಿಂಗಳ ಕೊನೆಗೆ ಅವಳು ಹಾಜರಾದಳು. ಮುತ್ತವ್ವ ರಾಣೆಬೆನ್ನೂರಿಗೆ ಬಂದು ಮೊಮ್ಮಗುವಿನ ತೊಟ್ಟಿಲ ಹತ್ತಿರ ಕುಳಿತಳು.

ಈಗ ಮಾಂತೇಶನಿಗೆ ಉಳಿದದ್ದು ಅತಿಥಿಗಳ ಕೌನ್ಸೆಲಿಂಗ್. ಇಷ್ಟು ವರ್ಷ ಅದೇ ಕಾಲೇಜು, ಅದೇ ತಾಸು ಅಂತ ಅವನಿಗೆ ಅದೊಂದು ಶಾಸ್ತ್ರ ಮಾತ್ರವಾಗಿತ್ತು. ಈ ಸಲ ಜಾಗ ಇಲ್ಲದವರ ಸಾಲಿನಲ್ಲಿ ಅವನೂ ಕೂಡಬೇಕಾಯಿತು. ಓದು, ಅನುಭವ ಎಲ್ಲ ಅಳೆದು, ಅಂಕ ಹಾಕಿ, ಆ ಕ್ರಮದಲ್ಲಿ ಹೆಸರು ಕರೆಯುತ್ತಾರೆ. ಕರೆಯುವಷ್ಟರಲ್ಲಿ ಕಾಲೇಜುಗಳು ಉಳಿದಿದ್ದರೆ ಪುಣ್ಯ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. ಹೊರಡುವ ಮುಂಜಾನೆ ಅರುಣಾ ಡಬ್ಬಿಗೆ ರೊಟ್ಟಿ ಕಟ್ಟಿಕೊಟ್ಟಳು. ಏನಾದರೂ ಅನ್ನುತ್ತಾಳೆಂದು ಅವನು ಬಾಗಿಲಲ್ಲಿ ಸ್ವಲ್ಪ ನಿಂತ. ಅವಳು ಅವನ ಅಂಗಿಯ ಕಾಲರು ನೆಟ್ಟಗೆ ಮಾಡಿ, ಬಸ್ಸು ತಪ್ಪೀತು ಎಂದಳು.

ಧಾರವಾಡದಲ್ಲಿ ಕೌನ್ಸೆಲಿಂಗ್ ನಡೆದ ಸಭಾಂಗಣದಲ್ಲಿ ಕೂಡಲು ಖುರ್ಚಿ ಸಾಲದೆ ಜನ ಗೋಡೆಗೆ ಆತು ನಿಂತಿದ್ದರು. ಕೂದಲು ನೆರೆತವರು, ಬಸರಿಯರು, ನಿನ್ನೆ ಮೊನ್ನೆ ಓದು ಮುಗಿಸಿದ ಹುಡುಗರು. ಸುನೀಲಕುಮಾರ ಇವನನ್ನು ಕಂಡು ಎದ್ದು ಬಂದ. ಪಾಠ ಚೊಲೋ ಮಾಡಲಿಲ್ಲವೇನು ಎಂದು ಅವನು ಚುಚ್ಚಬಹುದಿತ್ತು, ಚುಚ್ಚಲಿಲ್ಲ. ತನ್ನ ಪಕ್ಕ ಜಾಗ ಮಾಡಿಕೊಟ್ಟು, ಫ್ಯಾನಿನ ಕೆಳಗೆ ಕೂಡು, ಇಳಿಹೊತ್ತಿನವರೆಗೆ ಕರೆಯುವುದಿಲ್ಲ, ಹೊರಗೆ ಹೋದರೆ ಹೆಸರು ತಪ್ಪುತ್ತದೆ, ಊಟ ಇಲ್ಲೇ ಮಾಡು ಎಂದು ಹೊಸಬನಿಗೆ ಹೇಳುವಂತೆ ಎಲ್ಲ ಹೇಳಿಕೊಟ್ಟ. ಇಬ್ಬರೂ ಅರುಣಾಳ ರೊಟ್ಟಿ ಹಂಚಿಕೊಂಡರು. ನಿನಗೆ ಹಾಗೆ ಅಂದದ್ದು ತಪ್ಪಾಯಿತು ಎಂದು ಮಾಂತೇಶ ಬಾಯಿಬಿಟ್ಟು ಹೇಳಿದ. ಸುನೀಲಕುಮಾರ ಖಾರಬ್ಯಾಳಿ ಪಲ್ಯವನ್ನು ರೊಟ್ಟಿಗೆ ಬಳಿದುಕೊಳ್ಳುತ್ತ, ಅರುಣಾ ತಂಗಿ ಪಲ್ಯ ಚೊಲೋ ಮಾಡ್ಯಾಳ ಎಂದಷ್ಟೇ ಹೇಳಿದ.

ಗೋಡೆಯ ಮೇಲಿನ ಪರದೆಯಲ್ಲಿ ಒಂದೊಂದೇ ಕಾಲೇಜು ಅಳಿಸಿಹೋಗುತ್ತಿತ್ತು. ಕರೆಯದಿದ್ದರೆ ಏನು ಎಂದು ಮಾಂತೇಶ ಯೋಚಿಸಿದ. ದಲಾಲಿ ಅಂಗಡಿ ಇದ್ದೇ ಇದೆ, ಉಪವಾಸ ಬೀಳುವುದಿಲ್ಲ. ಆದರೆ ಇಷ್ಟು ವರ್ಷ ತಾನು ಉಪನ್ಯಾಸಕನಾಗಿದ್ದೆನೋ, ಇಲ್ಲ ಒಬ್ಬ ಹೆಂಗಸಿನ ಕಣ್ಣೀರಿಗೆ ಸಿಕ್ಕ ಖುರ್ಚಿಯ ಮೇಲೆ ಕುಳಿತವನೋ, ಅದು ಇವತ್ತು ಇಲ್ಲಿ ತೀರ್ಮಾನ ಆಗುತ್ತದೆ ಎಂದು ಅವನಿಗೆ ಅನಿಸಿತು.

ಸುನೀಲಕುಮಾರ ಹೇಳಿದಷ್ಟು ತಡವಾಗಲಿಲ್ಲ. ಊಟದ ಡಬ್ಬಿ ಮುಚ್ಚುವಷ್ಟರಲ್ಲೇ ಮೈಕಿನಲ್ಲಿ ಮಾಂತೇಶನ ಹೆಸರು, ಮುಂದೆ ಡಾಕ್ಟರ್ ಹಚ್ಚಿ, ಕೇಳಿಸಿತು. ಸುನೀಲಕುಮಾರನಿಗಿಂತ, ಅಲ್ಲಿ ನಿಂತಿದ್ದ ಎಷ್ಟೋ ಜನರಿಗಿಂತ ಮೊದಲು. ಏಳು ಮಾರಾಯಾ ಎಂದು ಸುನೀಲಕುಮಾರ ಬೆನ್ನಿಗೆ ಗುದ್ದಿದ ಮೇಲೆಯೇ ಅವನು ಎದ್ದದ್ದು. ಪರದೆಯಲ್ಲಿ ಹಾವೇರಿಯ ಒಂದು ಕಾಲೇಜು ಇನ್ನೂ ಉಳಿದಿತ್ತು. ಅದನ್ನು ತೋರಿಸಿ ಸಹಿ ಮಾಡಿದ. ಮುಂದೆ ಒಂದು ತಾಸಿನ ಮೇಲೆ ಸುನೀಲಕುಮಾರನಿಗೂ ಶಿಗ್ಗಾವಿಯ ಕಡೆ ಸಿಕ್ಕಿತು, ತಾಸುಗಳು ಕಡಿಮೆ, ಆದರೂ ಸಿಕ್ಕಿತು.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅರುಣಾ ಮಷಿನ್ನಿನ ಮುಂದಿದ್ದಳು, ಆದರೆ ಹೊಲಿಯುತ್ತಿರಲಿಲ್ಲ. ಮುಖ ನೋಡಿ ಅವಳಿಗೆ ಗೊತ್ತಾಯಿತು. ಹಾವೇರಿ ಎಂದು ಅವನು ಹೇಳಿದ. ಅವಳು ನಂಬದವಳ ಹಾಗೆ ನೋಡಿದಳು.

“ಯಾರ ಕಡಿಂದ ಹೇಳಿಸಿದ್ರಿ?” ಎಂದಳು.

“ಯಾರ ಕಡಿಂದನೂ ಇಲ್ಲ. ಹೆಸರು ಕರದ್ರು. ಎದ್ದು ಹೋದೆ.”

ಅರುಣಾ ಸೆರಗು ಬಾಯಿಗೆ ಒತ್ತಿಕೊಂಡಳು. ಕೈ ತಡೆಯಲಿಲ್ಲ, ಸೆರಗೂ ತಡೆಯಲಿಲ್ಲ. ಅವಳು ಅತ್ತ ಅಳು ಕೇಳಿ ಮೇಘಾ ಒಳಗಿನಿಂದ ಓಡಿ ಬಂದು, ಇಬ್ಬರನ್ನೂ ನೋಡಿ, ಹಾಗೇ ಹಿಂದೆ ಸರಿದಳು.

“ನಿಮ್ಮನ್ನ ಯಾರೂ ಕರಿಯಂಗಿಲ್ಲ ಅಂತ ತಿಳ್ಕೊಂಡಿದ್ದೆರಿ,” ಎಂದಳು ಅರುಣಾ. “ಅವತ್ತು ದೇವವ್ವನವರ ಮನಿಗೂ ಹಂಗ ತಿಳ್ಕೊಂಡೇ ಹೋಗಿದ್ದೆ. ಇಷ್ಟು ವರ್ಷನೂ ಹಂಗ ತಿಳ್ಕೊಂಡಿದ್ದೆ.”

ಮಾಂತೇಶ ಕತ್ತರಿಸಿದ ಬಟ್ಟೆಯ ಚೂರುಗಳನ್ನು ಸರಿಸಿ ಅವಳ ಪಕ್ಕ ನೆಲದ ಮೇಲೆ ಕುಳಿತ.

“ನಾನೂ ಹಂಗ ತಿಳ್ಕೊಂಡಿದ್ದೆ,” ಎಂದ.